ಶೀತನಿದ್ರೆ: ಮಂಗಳಕ್ಕೆ ಯಾವ ವಿಧಾನ, ನಕ್ಷತ್ರಕ್ಕೆ ಯಾವ ವಿಧಾನ?

ಧ್ರುವತಾರೆ ಕೇಳಿದ್ದು:

ಗಾಜಿನ ಪೆಟ್ಟಿಗೆಯಲ್ಲಿ ಯಾತ್ರಿಕರು ಮಲಗುತ್ತಾರೆ, ಸುತ್ತ ಬಿಳಿ ಹೊಗೆ, ನೂರು ವರ್ಷದ ಮೇಲೆ ಮುಚ್ಚಳ ತೆಗೆದರೆ ಎದ್ದು ಕೂರುತ್ತಾರೆ. ವೈಜ್ಞಾನಿಕ ಕಥೆಗಳಲ್ಲಿ ಇದನ್ನು ಎಷ್ಟೋ ಸಲ ಓದಿದ್ದೇವೆ. ನಾನು ಬರೆಯುತ್ತಿರುವ ನೀಳ್ಗತೆಯಲ್ಲಿ ಇಷ್ಟು ಸಾಲದು ಅನ್ನಿಸಿದೆ. ಅದರಲ್ಲಿ ಎರಡು ಪ್ರಯಾಣಗಳಿವೆ. ಮೊದಲನೆಯದರಲ್ಲಿ 4 ಜನ ಮಂಗಳಕ್ಕೆ ಹೋಗುತ್ತಾರೆ, ಸುಮಾರು 180 ದಿನ. ಎರಡನೆಯದು ಪ್ರಾಕ್ಸಿಮಾ ಸೆಂಟಾರಿಗೆ, 4.24 ಜ್ಯೋತಿರ್ವರ್ಷ, ಬೆಳಕಿನ ವೇಗದ ಶೇ. 10 ಅಂತ ಹಿಡಿದರೆ 42 ವರ್ಷ.

ಎರಡಕ್ಕೂ ಒಂದೇ ತಂತ್ರ ಸಾಕೇ? ಮಲಗಿಸುವ ಹಂತಗಳೇನು, ಉಷ್ಣತೆ ಎಷ್ಟು? ಎದ್ದಾಗ ದೇಹ ಹೇಗಿರುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿ ಕೈಕೊಡುತ್ತದೆ, ಯಾಕೆ? "ಯಂತ್ರ ಕೆಟ್ಟುಹೋಯಿತು" ಅಂತ ಒಂದು ಸಾಲು ಬರೆದು ಪಾತ್ರವನ್ನು ಸಾಯಿಸುವುದು ನನಗೆ ಬೇಡ. ಯಾವ ಭಾಗ, ಯಾವ ಹೊತ್ತಿನಲ್ಲಿ ಅನ್ನುವುದು ಬೇಕು.

ತೀವ್ರನಿಗಾ ಉತ್ತರ:

ಎರಡಕ್ಕೂ ಬೇರೆ ಬೇರೆ ಬೇಕು. 180 ದಿನಕ್ಕೆ ಯಾರನ್ನೂ ಹೆಪ್ಪುಗಟ್ಟಿಸೋ ಅಗತ್ಯ ಇಲ್ಲ. ಮಂಗಳದ ಭಾಗ ನಾನು ಹೇಳ್ತೀನಿ, ಅದರ ಮೊದಲರ್ಧ ಇವತ್ತಿನ ಐಸಿಯುಗಳಲ್ಲೇ ಇದೆ.

ಹೃದಯ ನಿಂತು ಮತ್ತೆ ಶುರುವಾದ ರೋಗಿಯನ್ನು 32ರಿಂದ 34 ಡಿಗ್ರಿಗೆ ಇಳಿಸಿ ಒಂದು ದಿನ ಹಾಗೇ ಇಡೋ ಚಿಕಿತ್ಸೆ 2002ರ ಎರಡು ಪ್ರಯೋಗಗಳ ನಂತರ ಎಲ್ಲ ಕಡೆ ಹಬ್ಬಿತು. 2021ರ ದೊಡ್ಡ ಪ್ರಯೋಗದಲ್ಲಿ, 33 ಡಿಗ್ರಿಗೆ ಇಳಿಸಿದವರಿಗೂ ಬರೀ ಜ್ವರ ಬರದ ಹಾಗೆ ನೋಡ್ಕೊಂಡವರಿಗೂ ಬದುಕುಳಿಯೋ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಆ ಉತ್ಸಾಹ ಈಗ ಇಳಿದಿದೆ. ಆದರೆ ಮನುಷ್ಯನನ್ನು ಸುರಕ್ಷಿತವಾಗಿ ತಣ್ಣಗೆ ಮಾಡೋದು ಹೇಗೆ ಅನ್ನೋ ಅನುಭವ ಪೂರ್ತಿ ಅಲ್ಲಿಂದಲೇ ಬಂದಿದ್ದು. ಅಟ್ಲಾಂಟಾದ ಸ್ಪೇಸ್‌ವರ್ಕ್ಸ್ ಸಂಸ್ಥೆ ನಾಸಾದ ಅನುದಾನದಲ್ಲಿ 2013ರಿಂದ ಮಾಡಿದ ಮಂಗಳಯಾನದ ವಿನ್ಯಾಸವೂ ಇದನ್ನೇ ನೆಚ್ಚಿಕೊಂಡಿತ್ತು. ಮೂಗಿನ ಮೂಲಕ ತಂಪು, ರಕ್ತನಾಳದ ಮೂಲಕ ಆಹಾರ, ಸುಮಾರು ಎರಡೆರಡು ವಾರದ ಸರದಿ ನಿದ್ದೆ.

ಹಂತ ಹೀಗೆ. ಮೊದಲು ನಿದ್ರಾಜನಕ ಕೊಟ್ಟು ಮಲಗಿಸಬೇಕು. ಆಮೇಲೆ 4 ಡಿಗ್ರಿಯ ಸಲೈನ್, ಕೆಜಿಗೆ 30 ಮಿಲಿಲೀಟರ್. 60 ಕೆಜಿ ಇರೋರಿಗೆ 1.8 ಲೀಟರ್, ಸುಮಾರು ಅರ್ಧ ಗಂಟೆಯಲ್ಲಿ ಹೋಗಬೇಕು. ಇದರಿಂದ ಒಂದೂವರೆ ಡಿಗ್ರಿ ಇಳಿಯುತ್ತೆ. ಉಳಿದದ್ದಕ್ಕೆ ತೊಡೆ, ಬೆನ್ನಿಗೆ ತಣ್ಣೀರು ಹರಿಯೋ ಜೆಲ್ ಪ್ಯಾಡ್, ಅಥವಾ ದೊಡ್ಡ ರಕ್ತನಾಳದೊಳಗೆ ತಂಪಿನ ಕ್ಯಾತಿಟರ್ (ಸಪೂರ ಕೊಳವೆ). ಉಷ್ಣತೆಯನ್ನು ಅನ್ನನಾಳದಲ್ಲಿ ಅಥವಾ ಮೂತ್ರಕೋಶದಲ್ಲಿ ಅಳೀಬೇಕು. ಕಂಕುಳಿನ ರೀಡಿಂಗ್ ನಂಬಿದರೆ ಕೆಟ್ಟಿರಿ, ಚರ್ಮ ಎಷ್ಟೋ ಮೊದಲೇ ತಣ್ಣಗಾಗಿರುತ್ತೆ.

35.5 ಡಿಗ್ರಿ ಹತ್ತಿರ ನಡುಕ ಶುರುವಾಗುತ್ತೆ. ಇದು ಸಣ್ಣ ತೊಂದರೆ ಅಲ್ಲ. ನಡುಕದಲ್ಲಿ ಆಮ್ಲಜನಕದ ಖರ್ಚು ದುಪ್ಪಟ್ಟಾಗಬಹುದು, ಅಂದರೆ ನೀವು ಉಳಿಸೋಕೆ ಹೊರಟಿದ್ದೇ ಕರಗಿಹೋಯ್ತು. ಅದಕ್ಕೆ ಮೆಗ್ನೀಸಿಯಂ, ಬುಸ್ಪಿರೋನ್, ಪೆಥಿಡಿನ್, ಡೆಕ್ಸ್‌ಮೆಡಿಟೊಮಿಡಿನ್. ಇವುಗಳಲ್ಲಿ ಪೆಥಿಡಿನ್ ಉಸಿರಾಟ ಕುಗ್ಗಿಸುತ್ತೆ, ಡೆಕ್ಸ್‌ಮೆಡಿಟೊಮಿಡಿನ್ ಹೃದಯದ ಬಡಿತ ಇಳಿಸುತ್ತೆ. 28 ಡಿಗ್ರಿಗಿಂತ ಕೆಳಗೆ ಹೋದರೆ ಹೃದಯದ ಕೆಳಕೋಣೆ ಅಡ್ಡಾದಿಡ್ಡಿ ಅದುರೋ ಅಪಾಯ, ಹಾಗಾಗಿ ಕಥೆಯಲ್ಲಿ 32ಕ್ಕೆ ನಿಲ್ಲಿಸಿ.

ನಿಮಗೆ ಬೇಕಾದ ಅನಾಹುತ ಇಲ್ಲೇ ಇದೆ: ಪೊಟ್ಯಾಸಿಯಂ. ದೇಹ ತಣ್ಣಗಾಗೋವಾಗ ಅದು ರಕ್ತದಿಂದ ಜೀವಕೋಶದ ಒಳಗೆ ಸರಿಯುತ್ತೆ. ಪರೀಕ್ಷೆಯಲ್ಲಿ ಕಡಿಮೆ ಅಂತ ಬರುತ್ತೆ, ಸ್ವಯಂಚಾಲಿತ ಪಂಪು ತುಂಬಿಸ್ತಾ ಹೋಗುತ್ತೆ. ಬೆಚ್ಚಗೆ ಮಾಡೋವಾಗ ಒಳಗಿದ್ದದ್ದೂ ತುಂಬಿಸಿದ್ದೂ ಒಟ್ಟಿಗೇ ರಕ್ತಕ್ಕೆ ಬಂದರೆ ಹೃದಯ ನಿಲ್ಲುತ್ತೆ. ಯಂತ್ರ ಕೆಟ್ಟಿಲ್ಲ, ಹೇಳಿದ್ದನ್ನೇ ಮಾಡಿದೆ. ಇದನ್ನು ತಪ್ಪಿಸೋಕೇ ಗಂಟೆಗೆ ಕಾಲು ಡಿಗ್ರಿಯಿಂದ ಅರ್ಧ ಡಿಗ್ರಿ ಮಾತ್ರ ಏರಿಸೋದು. 5 ಡಿಗ್ರಿ ಏರಿಸೋಕೆ 10ರಿಂದ 20 ಗಂಟೆ.

ಇಷ್ಟೆಲ್ಲಾ ಮಾಡಿ ಉಳಿಯೋದೆಷ್ಟು? ಒಂದು ಡಿಗ್ರಿ ಇಳಿದರೆ ಚಯಾಪಚಯ (ದೇಹ ಶಕ್ತಿ ಖರ್ಚು ಮಾಡೋ ವೇಗ) ಶೇ. 5ರಿಂದ 7 ಇಳಿಯುತ್ತೆ. 5 ಡಿಗ್ರಿಗೆ ಹೆಚ್ಚೆಂದರೆ ಮೂರನೇ ಒಂದು ಭಾಗ. ಅದರ ಬದಲು ತಿಂಗಳುಗಟ್ಟಲೆ ಮಂಪರಿನಲ್ಲಿ ಮಲಗಿದವರಿಗೆ ಬರೋ ಕಾಯಿಲೆಗಳ ಪಟ್ಟಿ ಉದ್ದ. ಕಾಲಿನ ರಕ್ತನಾಳದಲ್ಲಿ ಗರಣೆ, ಕ್ಯಾತಿಟರ್ ಸೋಂಕು, ನ್ಯುಮೋನಿಯಾ, ರಕ್ತನಾಳದ ಆಹಾರದಿಂದ ಪಿತ್ತಕೋಶದ ಕಲ್ಲು, ಕೊಬ್ಬಿದ ಲಿವರ್, ಎಚ್ಚರಾದ ಮೇಲೆ ದಿನಗಟ್ಟಲೆ ಭ್ರಮೆ. ತಣ್ಣಗಿರೋ ದೇಹದಲ್ಲಿ ಬಿಳಿ ರಕ್ತಕಣಗಳೂ ಮಂಕಾಗಿರ್ತವೆ. ಬರೀ ತಂಪು ಮಾಡೋದರಿಂದ ಮಂಗಳ ತಲುಪೋ ವಿನ್ಯಾಸವನ್ನು ನಾನಂತೂ ಒಪ್ಪಲ್ಲ.

ಚಳಿಗಾಲ ಉತ್ತರ:

ಮೇಲಿನವರು ನಿಲ್ಲಿಸಿದ ಕಡೆಯಿಂದಲೇ ಶುರುಮಾಡುತ್ತೇನೆ. ಐಸಿಯುನಲ್ಲಿ ಮೊದಲು ತಂಪು ಮಾಡುತ್ತೇವೆ, ಅದರ ಹಿಂದೆ ಚಯಾಪಚಯ ಇಳಿಯುತ್ತದೆ. ಕರಡಿಯಲ್ಲಿ ಕ್ರಮ ತಿರುಗುಮುರುಗು. ಅದು ಮೊದಲು ಚಯಾಪಚಯವನ್ನೇ ತಗ್ಗಿಸುತ್ತದೆ, ಉಷ್ಣತೆ ತಾನಾಗಿ ಸ್ವಲ್ಪ ಇಳಿಯುತ್ತದೆ. ಅಲಾಸ್ಕಾದ ಕಪ್ಪು ಕರಡಿಗಳನ್ನು ಚಳಿಗಾಲವಿಡೀ ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೇಹದ ಉಷ್ಣತೆ 30ರಿಂದ 36 ಡಿಗ್ರಿ ನಡುವೆಯೇ ಇತ್ತು, ಚಯಾಪಚಯ ಮಾತ್ರ ಸಾಮಾನ್ಯದ ಶೇ. 25ಕ್ಕೆ ಬಂದಿತ್ತು. ಹೃದಯದ ಬಡಿತ ನಿಮಿಷಕ್ಕೆ 55ರಿಂದ 14ಕ್ಕೆ. ಐದಾರು ತಿಂಗಳು ಊಟ, ನೀರು, ಮಲ, ಮೂತ್ರ ಯಾವುದೂ ಇಲ್ಲ. ಯೂರಿಯಾವನ್ನು ಹೊರಹಾಕದೆ ಮತ್ತೆ ಪ್ರೋಟೀನಾಗಿ ಬಳಸಿಕೊಳ್ಳುವುದರಿಂದ ಸ್ನಾಯು ಹೆಚ್ಚು ಸವೆಯುವುದಿಲ್ಲ, ಮೂಳೆಯೂ ಉಳಿಯುತ್ತದೆ. ಬಾಹ್ಯಾಕಾಶದಲ್ಲಿ ಎಚ್ಚರವಿದ್ದು ವ್ಯಾಯಾಮ ಸಾಲದೆ ಹೋದವರ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತದೆ ಅನ್ನುವುದನ್ನು ಇದರ ಪಕ್ಕ ಇಟ್ಟು ನೋಡಿ.

ಆದ್ದರಿಂದ ನಿಮ್ಮ ಮಂಗಳಯಾತ್ರಿಕರಿಗೆ ಮಾದರಿ ಕರಡಿ, ಅಳಿಲಲ್ಲ. ಆರ್ಕ್ಟಿಕ್ ನೆಲ ಅಳಿಲು ಮೈನಸ್ 2.9 ಡಿಗ್ರಿವರೆಗೂ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಎರಡು ಮೂರು ವಾರಕ್ಕೊಮ್ಮೆ ಅದು ಪೂರ್ತಿ ಬಿಸಿಯಾಗಿ ಸುಮಾರು ಅರ್ಧ ದಿನದಿಂದ ಒಂದು ದಿನ ಹಾಗಿದ್ದು ಮತ್ತೆ ಇಳಿಯಲೇಬೇಕು, ಚಳಿಗಾಲದ ಶಕ್ತಿಯ ಬಹುಪಾಲು ಈ ಬಿಸಿಯಾಗುವುದರಲ್ಲೇ ಕರಗುತ್ತದೆ. ಇನ್ನೊಂದು ವಿಚಿತ್ರ ಕೇಳಿ: ಬಿಸಿಯಾದ ಕೂಡಲೇ ಅದು ಮಾಡುವ ಕೆಲಸ ಗಾಢ ನಿದ್ದೆ. ಹಾಗಾಗಿ ಈ ಜಡಸ್ಥಿತಿಯನ್ನು ನಿದ್ದೆಯ ಲೆಕ್ಕಕ್ಕೆ ಹಿಡಿಯಬೇಡಿ, ಮಿದುಳು ಅದರಲ್ಲಿ ನಿದ್ದೆಗೆಡುತ್ತದೆ. ಬಹುತೇಕ ಕಥೆಗಾರರು ಇದನ್ನು ಗಮನಿಸಿಲ್ಲ.

ಮನುಷ್ಯನಲ್ಲಿ ಚಯಾಪಚಯ ತಗ್ಗಿಸುವ ಈ ಸ್ವಿಚ್ಚು ಎಲ್ಲಿದೆ? 2005ರಲ್ಲಿ ಹೈಡ್ರೋಜನ್ ಸಲ್ಫೈಡ್ ಉಸಿರಾಡಿಸಿ ಇಲಿಗಳ ಚಯಾಪಚಯವನ್ನು ಶೇ. 90ರಷ್ಟು ಇಳಿಸಿದರು, ಆದರೆ ಕುರಿ, ಹಂದಿಯಂಥ ದೊಡ್ಡ ಪ್ರಾಣಿಗಳಲ್ಲಿ ಅದು ನಡೆಯಲಿಲ್ಲ. 2020ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದವರು ಇಲಿಯ ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್‌ನಲ್ಲಿ ಒಂದು ನರಕೋಶಗಳ ಗುಂಪನ್ನು ಪ್ರಚೋದಿಸಿ ದಿನಕ್ಕೂ ಮೀರಿ ಜಡಸ್ಥಿತಿ ತಂದರು. ಸಹಜವಾಗಿ ಶಿಶಿರನಿದ್ರೆ ಮಾಡದ ದೊಡ್ಡಿಲಿಯಲ್ಲೂ ಅದು ಫಲಿಸಿತು. 2023ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತಲೆಯ ಮೇಲಿಟ್ಟ ಅಲ್ಟ್ರಾಸೌಂಡ್ ಸಾಧನದಿಂದಲೇ ಇಲಿಗಳಲ್ಲಿ ಹೀಗೆ ಮಾಡಿದರು, ಶಸ್ತ್ರಕ್ರಿಯೆ ಬೇಕಾಗಲಿಲ್ಲ. ಮಡಗಾಸ್ಕರಿನ ದಪ್ಪಬಾಲದ ಪುಟ್ಟ ಲೀಮರ್ ವರ್ಷಕ್ಕೆ 7 ತಿಂಗಳು ಹೀಗೆ ಕಳೆಯುತ್ತದೆ, ಅದು ನಮ್ಮ ಹಾಗೆ ಪ್ರೈಮೇಟ್ (ಮಂಗ, ಮನುಷ್ಯರು ಸೇರಿದ ಪ್ರಾಣಿಗಳ ಗುಂಪು). ಕಥೆಯಲ್ಲಿ ಅಲ್ಟ್ರಾಸೌಂಡ್ ತಲೆಪಟ್ಟಿ ಇಟ್ಟರೆ ಯಾರೂ ಆಕ್ಷೇಪ ಎತ್ತಲಾರರು.

ಲೆಕ್ಕ ಕೊಡುತ್ತೇನೆ. ಮೂಲ ಚಯಾಪಚಯ ದಿನಕ್ಕೆ 1,500 ಕಿಲೋಕ್ಯಾಲರಿ ಇದ್ದರೆ ಅದರ ಕಾಲುಭಾಗ 375. 180 ದಿನಕ್ಕೆ 67,500. ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7,700 ಇರುತ್ತದೆ, ಅಂದರೆ ಹೆಚ್ಚುಕಡಿಮೆ 9 ಕೆಜಿ ಕೊಬ್ಬು ಸಾಕು. ಹೊರಡುವ ಮೊದಲು ಯಾತ್ರಿಕರು ಚೆನ್ನಾಗಿ ತಿಂದು 10-12 ಕೆಜಿ ಮೈ ತುಂಬಿಕೊಳ್ಳಬೇಕು. ಆಗ ರಕ್ತನಾಳದ ಆಹಾರವೂ ಬೇಡ, ಅದರ ಸೋಂಕೂ ಬೇಡ. ಎಚ್ಚರವಿದ್ದರೆ ಪ್ಯಾಕಿಂಗ್ ಸೇರಿ ತಲೆಗೆ ದಿನಕ್ಕೆ 1.8 ಕೆಜಿ ಆಹಾರ, 4 ಜನಕ್ಕೆ 180 ದಿನಕ್ಕೆ ಸುಮಾರು 1,300 ಕೆಜಿ. ನಿಜವಾದ ಉಳಿತಾಯ ಓಡಾಡುವ ಜಾಗದಲ್ಲಿದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2019ರಲ್ಲಿ 6 ಜನರ ಮಂಗಳಯಾನಕ್ಕೆ ಲೆಕ್ಕ ಹಾಕಿದಾಗ ನೌಕೆಯ ತೂಕ ಸುಮಾರು ಮೂರನೇ ಒಂದು ಭಾಗ ಇಳಿಯಿತು.

ಎದ್ದ ಮೇಲೆ? ಅದೇ ಯುರೋಪಿನ ಯೋಜನೆ ಚೇತರಿಕೆಗೆ 21 ದಿನ ಇಟ್ಟಿದೆ. ಕರಡಿಗಳಲ್ಲಿ ಗುಹೆ ಬಿಟ್ಟು ಬಂದು ಉಷ್ಣತೆ ಸಾಮಾನ್ಯಕ್ಕೆ ಮರಳಿದ ಮೇಲೂ ಚಯಾಪಚಯ ಅರ್ಧದ ಹತ್ತಿರವೇ ಇದ್ದು, ಪೂರ್ತಿ ಏರಲು ಎರಡು ಮೂರು ವಾರ ಹಿಡಿಯಿತು. ನಿಮ್ಮ ಪಾತ್ರದ ಮೈ ಬೆಚ್ಚಗಿರುತ್ತದೆ, ಥರ್ಮಾಮೀಟರ್ 37 ತೋರಿಸುತ್ತದೆ, ಆದರೆ ಮಂಗಳದ ಮೇಲೆ ಇಳಿಸುವ ತುರ್ತಿನಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಕಥೆಗೆ ಇದಕ್ಕಿಂತ ಒಳ್ಳೆಯ ಸಂಕಟ ಬೇಡ.

ಮೈನಸ್_135 ಉತ್ತರ:

42 ವರ್ಷಕ್ಕೆ ಕರಡಿಯ ದಾರಿ ಸಾಲದು. ಚಯಾಪಚಯ ಶೇ. 25ಕ್ಕೆ ಇಳಿದರೂ ದೇಹ 10 ವರ್ಷ ಮುಪ್ಪಾಗುತ್ತದೆ, ಕೊಬ್ಬಿನ ಲೆಕ್ಕವೂ 700 ಕೆಜಿ ದಾಟುತ್ತದೆ. ಅಲ್ಲಿ ರಾಸಾಯನಿಕ ಕ್ರಿಯೆಗಳನ್ನೇ ನಿಲ್ಲಿಸಬೇಕು.

ಮೊದಲ ಮಾತು: ಮಂಜುಗಡ್ಡೆ ಆಗಬಾರದು. ನೀರು ಗಡ್ಡೆಯಾದರೆ ಶೇ. 9ರಷ್ಟು ಹಿಗ್ಗುವುದು ಎಲ್ಲರಿಗೂ ಗೊತ್ತು, ಆದರೆ ಹೆಚ್ಚಿನ ಹಾನಿ ಅದರಿಂದಲ್ಲ. ನಿಧಾನವಾಗಿ ತಣಿಸಿದರೆ ಗಡ್ಡೆ ಜೀವಕೋಶದ ಹೊರಗೆ ಕಟ್ಟುತ್ತದೆ, ಉಳಿದ ನೀರಿನಲ್ಲಿ ಉಪ್ಪು ಸಾಂದ್ರವಾಗುತ್ತದೆ, ಕೋಶದೊಳಗಿನ ನೀರನ್ನು ಅದು ಎಳೆದುಕೊಂಡು ಕೋಶ ಒಣಗುತ್ತದೆ. ಬೇಗ ತಣಿಸಿದರೆ ನೀರು ಹೊರಬರಲು ಪುರುಸೊತ್ತಿಲ್ಲದೆ ಕೋಶದ ಒಳಗೇ ಗಡ್ಡೆ ಕಟ್ಟುತ್ತದೆ. ಎರಡರ ನಡುವೆ ಒಂದು ವೇಗ ಇರುತ್ತದೆ, ಅನೇಕ ಬಗೆಯ ಕೋಶಗಳಿಗೆ ಅದು ನಿಮಿಷಕ್ಕೆ ಸುಮಾರು 1 ಡಿಗ್ರಿ. ತೊಂದರೆ ಏನೆಂದರೆ ಪ್ರತಿ ಜಾತಿಯ ಕೋಶಕ್ಕೂ ಆ ವೇಗ ಬೇರೆ, ದೇಹದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿ.

ಸಣ್ಣದರಲ್ಲಿ ಇದು ದಿನನಿತ್ಯ ನಡೆಯುತ್ತಿದೆ. ನಮ್ಮ ಹಳ್ಳಿಗಳಲ್ಲಿ ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ತರುವ ದ್ರವ ಸಾರಜನಕದ ಕ್ಯಾನ್ ನೋಡಿರುತ್ತೀರಿ. ಹೆಸರಘಟ್ಟದ ನಂದಿನಿ ವೀರ್ಯ ಕೇಂದ್ರದಂಥ ಕಡೆ ತುಂಬಿದ ಕಾಲು ಮಿಲಿಲೀಟರ್ ಸ್ಟ್ರಾಗಳು ಅದರಲ್ಲಿ ಮೈನಸ್ 196ರಲ್ಲಿ ಇರುತ್ತವೆ. ಸ್ಟ್ರಾ ತೆಗೆಯುವಾಗ ಬುಟ್ಟಿಯನ್ನು ಕ್ಯಾನಿನ ಕುತ್ತಿಗೆಗಿಂತ ಮೇಲೆತ್ತಬಾರದು, ಕೆಲವೇ ಸೆಕೆಂಡಿನಲ್ಲಿ ಇಕ್ಕಳದಲ್ಲಿ ಹಿಡಿದು 37 ಡಿಗ್ರಿ ನೀರಿಗೆ ಹಾಕಿ ಸುಮಾರು ಅರ್ಧ ನಿಮಿಷ ಬಿಡಬೇಕು. ತಡವಾದರೆ ಉಳಿದ ಸ್ಟ್ರಾಗಳೂ ಅರೆಬರೆ ಬಿಸಿಯಾಗಿ, ಸಣ್ಣ ಹರಳುಗಳು ಸೇರಿ ದೊಡ್ಡದಾಗಿ, ಮುಂದಿನ ಹಸುಗಳು ಗಬ್ಬ ಕಟ್ಟುವುದಿಲ್ಲ. ಆ ಅರ್ಧ ನಿಮಿಷ ಸಾಕಾಗುವುದು ಸ್ಟ್ರಾ ತೆಳ್ಳಗಿರುವುದರಿಂದ. ಶಾಖ ಒಳಗೆ ಇಳಿಯುವ ಸಮಯ ದಪ್ಪದ ವರ್ಗದ ಪ್ರಮಾಣದಲ್ಲಿ ಏರುತ್ತದೆ. 1 ಮಿಲಿಮೀಟರ್‌ಗೆ 7 ಸೆಕೆಂಡು ಆದರೆ, 10 ಸೆಂಟಿಮೀಟರ್‌ಗೆ ಅದರ ಹತ್ತು ಸಾವಿರ ಪಟ್ಟು, ಅಂದರೆ ಸುಮಾರು 20 ಗಂಟೆ. ಮನುಷ್ಯನ ಎದೆಯ ನಡುಭಾಗ ಹೊರಮೈಯಿಂದ ಸುಮಾರು ಅಷ್ಟು ಆಳದಲ್ಲಿದೆ. ಇಡೀ ಸಮಸ್ಯೆ ಈ ಒಂದು ಲೆಕ್ಕದಲ್ಲಿದೆ.

ದಾರಿ ಇರುವುದು ಗಾಜೀಕರಣದಲ್ಲಿ, ಅಂದರೆ ದೇಹದ ದ್ರವ ಹರಳು ಕಟ್ಟದೆ ಗಾಜಿನಂತೆ ಗಟ್ಟಿಯಾಗುವುದರಲ್ಲಿ. ಮೊದಲು ರಕ್ತ ಗರಣೆಗಟ್ಟದಂತೆ ಹೆಪಾರಿನ್, ಆಮೇಲೆ ಹೃದಯ-ಶ್ವಾಸಕೋಶ ಯಂತ್ರದಲ್ಲಿ 18 ಡಿಗ್ರಿಗೆ ಇಳಿಸುವುದು (ಮಹಾಪಧಮನಿಯ ಶಸ್ತ್ರಕ್ರಿಯೆಗೆ ಇಂದೂ ಹೀಗೆ ಇಳಿಸಿ ಅರ್ಧ ಗಂಟೆ ರಕ್ತಸಂಚಾರ ನಿಲ್ಲಿಸುತ್ತಾರೆ), ರಕ್ತ ತೆಗೆದು ಅಂಗಾಂಗಗಳು ಕೆಡದಂತೆ ಕಾಯುವ ದ್ರಾವಣ ಹರಿಸುವುದು, ಬಳಿಕ ಹಿಮನಿರೋಧಕವನ್ನು ಮೆಲ್ಲಮೆಲ್ಲನೆ ಸಾಂದ್ರ ಮಾಡುತ್ತಾ ಹೋಗುವುದು. ಎಂ-22 ಅನ್ನುವ ಮಿಶ್ರಣ ಪೂರ್ಣ ಬಲದಲ್ಲಿ 9.3 ಮೋಲಾರ್, ಅಂದರೆ ದ್ರಾವಣದ ಅರ್ಧಕ್ಕೂ ಹೆಚ್ಚು ಭಾಗ ಡಿಎಂಎಸ್‌ಒ, ಎಥಿಲೀನ್ ಗ್ಲೈಕಾಲ್ ಮುಂತಾದವು. ಇದು ವಿಷ. ತಂಪಿನಲ್ಲಿ ವಿಷದ ಕೆಲಸ ನಿಧಾನ, ಅದಕ್ಕೇ ಕೊನೆಯ ಸಾಂದ್ರತೆಯನ್ನು ಸೊನ್ನೆಗಿಂತ ಕೆಳಗೆ ಕೊಡುತ್ತಾರೆ. ಮೊಲದ ಮೂತ್ರಪಿಂಡಕ್ಕೆ ಮೈನಸ್ 22ರಲ್ಲಿ ಕೊಟ್ಟಿದ್ದರು. ಮಿದುಳಿಗೆ ರಕ್ತನಾಳದ ತಡೆಗೋಡೆ ಇರುವುದರಿಂದ ಅದರೊಳಗೆ ಹಿಮನಿರೋಧಕ ಹೋಗುವುದು ತಡ, ಅಷ್ಟರಲ್ಲಿ ನೀರು ಹೊರಬಂದು ಮಿದುಳು ಕುಗ್ಗುತ್ತದೆ. ಸುಮಾರು ಮೈನಸ್ 123ರಲ್ಲಿ ಎಲ್ಲ ಗಾಜಾಗುತ್ತದೆ.

ಗಾಜಾದ ಮೇಲೆ ಇನ್ನೂ ಇಳಿಸಿದರೆ ಬಿರುಕು. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹುಯ್ದ ಹಾಗೆ, ಹೊರಭಾಗ ಮೊದಲು ಕುಗ್ಗಿ ಒಳಭಾಗ ಕುಗ್ಗದೆ ಸೀಳುತ್ತದೆ. ಅಮೆರಿಕದ ಕ್ರಯೋನಿಕ್ಸ್ ಸಂಸ್ಥೆಗಳು ಮೃತರ ದೇಹಗಳನ್ನು (ಮೊದಲನೆಯದು 1967ರ ಜನವರಿಯಲ್ಲಿ) ಮೈನಸ್ 196ರಲ್ಲಿ ಇಡುವುದು ಅದು ಅಗ್ಗ ಮತ್ತು ವಿದ್ಯುತ್ ಬೇಡ ಅನ್ನುವ ಕಾರಣಕ್ಕೆ. ನಿಮ್ಮ ನೌಕೆಯಲ್ಲಿ ಮೈನಸ್ 135ರ ಆಸುಪಾಸು ನಿಲ್ಲಿಸಿ.

ಈಗ ಎಬ್ಬಿಸುವುದು. ಕಷ್ಟ ಇರುವುದು ಇಲ್ಲಿ. ಬಿಸಿಯಾಗುವ ಹಾದಿಯಲ್ಲಿ ಗಾಜು ಮತ್ತೆ ಹರಳಾಗಲು ನೋಡುತ್ತದೆ, ಹಾಗಾಗುವ ಉಷ್ಣತೆಯ ವ್ಯಾಪ್ತಿಯನ್ನು ಓಡಿ ದಾಟಬೇಕು. ವಿಎಸ್-55 ಎಂಬ ದ್ರಾವಣಕ್ಕೆ ತಣಿಸುವ ವೇಗ ನಿಮಿಷಕ್ಕೆ 2.5 ಡಿಗ್ರಿ ಸಾಕು, ಬಿಸಿ ಮಾಡಲು ನಿಮಿಷಕ್ಕೆ ಸುಮಾರು 50 ಬೇಕು. 70 ಕೆಜಿ ದೇಹವನ್ನು ಆ ವೇಗದಲ್ಲಿ ಸೊನ್ನೆಗೆ ತರಲು ಸುಮಾರು 117 ಕಿಲೋವ್ಯಾಟ್, ಮೂರು ನಿಮಿಷಕ್ಕೂ ಕಡಿಮೆ ಹೊತ್ತು. ಒಟ್ಟು ವಿದ್ಯುತ್ ಐದೂಕಾಲು ಯೂನಿಟ್ ಅಷ್ಟೇ. ಶಕ್ತಿ ಸಿಗುತ್ತದೆ, ಅದನ್ನು ಸಮವಾಗಿ ಹಂಚುವುದು ಸಿಗುವುದಿಲ್ಲ. ಮೈಕ್ರೋವೇವ್ ಆಗದು, ಬಿಸಿಯಾದ ಜಾಗ ಇನ್ನಷ್ಟು ಹೀರಿ ಅಲ್ಲೇ ಬೇಯುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದವರು ರಕ್ತನಾಳಗಳಲ್ಲಿ ಕಬ್ಬಿಣದ ಆಕ್ಸೈಡಿನ ನ್ಯಾನೋಕಣ ತುಂಬಿ, ಸುರುಳಿಯೊಳಗಿಟ್ಟು ಪರ್ಯಾಯ ಕಾಂತಕ್ಷೇತ್ರದಿಂದ ಎಲ್ಲ ಕಡೆಯಿಂದಲೂ ಒಮ್ಮೆಗೇ ಬಿಸಿ ಮಾಡಿದರು. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 100 ದಿನದವರೆಗೆ ಇಟ್ಟಿದ್ದ ದೊಡ್ಡಿಲಿಯ ಮೂತ್ರಪಿಂಡಗಳನ್ನು 5 ಪ್ರಾಣಿಗಳಿಗೆ ಕಸಿ ಮಾಡಿದಾಗ ಒಂದು ತಿಂಗಳೊಳಗೆ ಪೂರ್ತಿ ಕೆಲಸ ಮಾಡಿದವು. ಇದು ಬೆರಳ ತುದಿಯಷ್ಟು ಅಂಗ. ಇಡೀ ಮನುಷ್ಯನಿಗೆ ಏರಿಸುವುದು ನಿಮ್ಮ ಕಲ್ಪನೆಗೆ ಬಿಟ್ಟಿದ್ದು, ಆದರೆ ದಿಕ್ಕು ಇದೇ.

ಕಕ್ಷಾಗಣಿತ ಉತ್ತರ:

ದೇಹ ಗಾಜಾಯಿತು ಅಂತಿಟ್ಟುಕೊಳ್ಳಿ. ಅದನ್ನು ಕೊಲ್ಲುವುದು ವಿಕಿರಣ.

ಕ್ಯೂರಿಯಾಸಿಟಿ ನೌಕೆ ಮಂಗಳಕ್ಕೆ ಹೋಗುವ ದಾರಿಯಲ್ಲಿ ಅಳೆದ ಕಾಸ್ಮಿಕ್ ಕಿರಣದ ಪ್ರಮಾಣ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ಬೀಳುವ ವಿಕಿರಣದ ಅಳತೆ). ವರ್ಷಕ್ಕೆ 0.66 ಸೀವರ್ಟ್. 42 ವರ್ಷಕ್ಕೆ 28. ಒಮ್ಮೆಗೇ 4-5 ಸೀವರ್ಟ್ ಬಿದ್ದರೆ ಚಿಕಿತ್ಸೆ ಇಲ್ಲದವರಲ್ಲಿ ಅರ್ಧ ಜನ ಸಾಯುತ್ತಾರೆ. ಎಚ್ಚರವಿರುವ ದೇಹ ಪ್ರತಿದಿನದ ಡಿಎನ್‌ಎ ಪೆಟ್ಟನ್ನು ಅಂದಂದೇ ರಿಪೇರಿ ಮಾಡಿಕೊಳ್ಳುತ್ತದೆ. ಗಾಜಾದ ದೇಹದಲ್ಲಿ ರಿಪೇರಿ ಇಲ್ಲ, ಪೆಟ್ಟುಗಳು ಹಾಗೇ ಕೂಡಿಕೊಂಡು ಎಬ್ಬಿಸಿದ ದಿನ ಒಟ್ಟಿಗೆ ಎದುರಾಗುತ್ತವೆ. ಸೂರ್ಯನ ರಕ್ಷಣೆ ದಾಟಿದ ಮೇಲೆ ಕಿರಣಗಳು ಇನ್ನೂ ಹೆಚ್ಚು.

ಹಾಗಾಗಿ ಗೋಡೆ ಬೇಕು. ಭೂಮಿಯ ಮೇಲೆ ನಮ್ಮ ತಲೆಯ ಮೇಲಿರುವ ಗಾಳಿ ಚದರ ಮೀಟರಿಗೆ 10 ಟನ್, ಅಂದರೆ 10 ಮೀಟರ್ ನೀರು. ಅರ್ಧಕ್ಕೆ ಒಪ್ಪಿಕೊಂಡು 5 ಮೀಟರ್ ನೀರು ಅನ್ನಿ. 2 ಮೀಟರ್ ತ್ರಿಜ್ಯದ ಗೋಳದ ಸುತ್ತ ಅದು ಸುಮಾರು 1,400 ಟನ್. ಓಡಾಡುವ ಸಿಬ್ಬಂದಿಗೆ ಇಡೀ ವಸತಿಯನ್ನು ಹೀಗೆ ಮುಚ್ಚಲು ಹೋದರೆ ತೂಕ ಹತ್ತಾರು ಪಟ್ಟು. ಮಲಗಿದವರನ್ನು ಒತ್ತೊತ್ತಾಗಿ ನಡುವೆ ಜೋಡಿಸಬಹುದು. ನಕ್ಷತ್ರಯಾನದಲ್ಲಿ ಶೀತನಿದ್ರೆಯ ದೊಡ್ಡ ಲಾಭ ನನ್ನ ಪ್ರಕಾರ ಇದೇ, ಊಟದ ಉಳಿತಾಯ ಅದರ ಮುಂದೆ ಸಣ್ಣದು. ಗೋಡೆಯಿಂದ ಪಾಡ್ (ಮಲಗುವ ಪೆಟ್ಟಿಗೆ) ದೂರ ಇರುವ ಚಿತ್ರಗಳನ್ನು ಬಿಡಿ.

ಇನ್ನೊಂದು. ಬಾಹ್ಯಾಕಾಶದಲ್ಲಿ ಪಾಡ್‌ಗೆ ಶೀತಕ ಯಂತ್ರಕ್ಕಿಂತ ಹೆಚ್ಚಾಗಿ ಬೇಕಿರುವುದು ಹೀಟರ್. ಜೇಮ್ಸ್ ವೆಬ್ ದೂರದರ್ಶಕದ ನೆರಳಿನ ಬದಿ ಯಾವ ಯಂತ್ರವೂ ಇಲ್ಲದೆ ಮೈನಸ್ 220ಕ್ಕೂ ಕೆಳಗಿದೆ. ನಕ್ಷತ್ರಗಳ ನಡುವೆ ಕೇಳಲೇಬೇಡಿ. ಮೈನಸ್ 135ರಲ್ಲಿ ಬರಿಯ ಕಪ್ಪು ಮೇಲ್ಮೈ ಚದರ ಮೀಟರಿಗೆ 20 ವ್ಯಾಟ್ ಕಳೆದುಕೊಳ್ಳುತ್ತದೆ, ಹಲವು ಪದರದ ನಿರೋಧಕ ಹೊದಿಸಿದರೆ ಬಹಳ ಕಡಿಮೆ. ಆ ಸಣ್ಣ ಶಾಖ ನಿಂತರೆ ದೇಹ ಇನ್ನಷ್ಟು ತಣ್ಣಗಾಗಿ ಬಿರುಕು ಬಿಡುತ್ತದೆ. ಪ್ಲುಟೋನಿಯಂ-238 ಮೂಲಕ್ಕೆ ಅರ್ಧಾಯುಷ್ಯ 87.7 ವರ್ಷ, 42ನೇ ವರ್ಷಕ್ಕೆ ಶಾಖ ಶೇ. 72ಕ್ಕೆ ಇಳಿದಿರುತ್ತದೆ. ಹೊರಡುವಾಗಲೇ ಆ ಲೆಕ್ಕದಲ್ಲಿ ಇಡಬೇಕು.

ಮೈನಸ್_135 ಉತ್ತರ:

ಒಂದು ತಿದ್ದುಪಡಿ. 28 ಸೀವರ್ಟ್ ಅನ್ನುವುದು ದ್ರವರೂಪದ ದೇಹಕ್ಕೆ ಮಾಡಿದ ಲೆಕ್ಕ. ವಿಕಿರಣದ ಹಾನಿಯಲ್ಲಿ ದೊಡ್ಡ ಪಾಲು ನೀರು ಒಡೆದು ಹುಟ್ಟುವ ಸ್ವತಂತ್ರ ಕಣಗಳು ಡಿಎನ್‌ಎವರೆಗೆ ಹರಿದು ಹೋಗುವುದರಿಂದ ಆಗುತ್ತದೆ. ಗಾಜಿನಲ್ಲಿ ಅವು ಹರಿಯಲಾರವು. ಅದಕ್ಕೇ ದ್ರವ ಸಾರಜನಕದಲ್ಲಿರುವ ಭ್ರೂಣಗಳು ವಿಕಿರಣವನ್ನು ಹೆಚ್ಚು ಚೆನ್ನಾಗಿ ತಡೆದುಕೊಳ್ಳುತ್ತವೆ. ಆದರೆ ಭಾರವಾದ ಕಾಸ್ಮಿಕ್ ಅಯಾನುಗಳು ನೇರವಾಗಿಯೇ ಎಳೆಗಳನ್ನು ಕತ್ತರಿಸುತ್ತವೆ, ಅದಕ್ಕೆ ತಂಪು ಅಡ್ಡ ಬರುವುದಿಲ್ಲ. ಗೋಡೆ ಬೇಕೇ ಬೇಕು.

ಧ್ರುವತಾರೆ ಕೇಳಿದ್ದು:

ಮಂಗಳಕ್ಕೆ ಕರಡಿ, ನಕ್ಷತ್ರಕ್ಕೆ ಗಾಜು, ನಡುವೆ ನೀರಿನ ಗೋಡೆ ಅಂತ ನಿರ್ಧರಿಸಿದೆ. ಒಂದೇ ಪ್ರಶ್ನೆ ಉಳಿದಿದೆ. ಎರಡನೇ ಭಾಗದಲ್ಲಿ ಒಬ್ಬ ಯಾತ್ರಿಕಳ ಪಾಡ್‌ನಲ್ಲಿ 31ನೇ ವರ್ಷ ಹೀಟರ್ ಕೆಲವು ಗಂಟೆ ನಿಲ್ಲುತ್ತದೆ. ಅದು ಯಾರಿಗೆ, ಯಾವಾಗ ಗೊತ್ತಾಗಬೇಕು?

ಮೈನಸ್_135 ಉತ್ತರ:

ಕೆಲವು ಗಂಟೆ ಸಾಲದು. ಒಳ್ಳೆಯ ನಿರೋಧಕ ಇದ್ದರೆ ಅಷ್ಟರಲ್ಲಿ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಕೆಲವು ತಿಂಗಳು ನಿಂತಿತ್ತು ಅಂತ ಮಾಡಿ, ಅಥವಾ ನಿರೋಧಕದ ಒಂದು ಭಾಗ ಹರಿದು ಕಾಲಿನ ಬದಿ ಮಾತ್ರ ಬೇಗ ತಣ್ಣಗಾಯಿತು ಅನ್ನಿ. ಎರಡನೆಯದು ವಾಸಿ, ಬಿರುಕಿಗೆ ಬೇಕಾದ್ದು ಒಂದು ಕಡೆಗೂ ಇನ್ನೊಂದು ಕಡೆಗೂ ಇರುವ ಉಷ್ಣತೆಯ ವ್ಯತ್ಯಾಸ.

ಬಿರುಕು ಸದ್ದು ಮಾಡುತ್ತದೆ. ಕ್ರಯೋನಿಕ್ಸ್‌ನವರು ಅದನ್ನು ಹಿಡಿಯಲು ಧ್ವನಿ ಸಂವೇದಕ ಇಡುತ್ತಾರೆ, ನಿಮ್ಮ ಪಾಡ್‌ನಲ್ಲೂ ಒಂದಿರಲಿ. ಲಾಗ್‌ನಲ್ಲಿ 31ನೇ ವರ್ಷದ ಒಂದು ದಿನಾಂಕ, ಐದಾರು ಸದ್ದು, ಪಾದದ ಕಡೆಯ ಥರ್ಮೋಕಪಲ್‌ನಲ್ಲಿ (ಉಷ್ಣತೆ ಅಳೆಯುವ ಸಂವೇದಕದಲ್ಲಿ) ಮೈನಸ್ 150. ಗಾಜಿನ ಸ್ಥಿತಿಯಲ್ಲಿ ಅವಳಿಗೆ ಏನೂ ಆಗುವುದಿಲ್ಲ, ಬಿರುಕು ಬಿಟ್ಟ ರಕ್ತನಾಳ ಸೋರುವುದು ದ್ರಾವಣ ಹರಿಸಿ ಹಿಮನಿರೋಧಕ ತೊಳೆಯಲು ಶುರುಮಾಡಿದ ಮೇಲೆ. ಆಗ ಒತ್ತಡ ಏರದೆ ಪಂಪಿನ ಹರಿವು ಮಾತ್ರ ಏರುತ್ತಾ ಹೋಗುತ್ತದೆ. ಬಿಸಿ ಮಾಡಲು ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದಲ್ಲೇ ಹರಳು ಕಟ್ಟುತ್ತದೆ. ಆದ್ದರಿಂದ ವೈದ್ಯೆ ಸುರುಳಿಗೆ ವಿದ್ಯುತ್ ಕೊಡುವ ಮೊದಲೇ ಲಾಗ್ ಓದಿ, ತೊಡೆಯ ಮಹಾನಾಳಕ್ಕೆ ಕ್ಲ್ಯಾಂಪ್ ಹಾಕಿ ಕಾಲನ್ನು ಬಿಟ್ಟುಕೊಡುವುದಾ, ಇಲ್ಲ ಅವಳನ್ನು ಎಬ್ಬಿಸುವುದನ್ನೇ ಮುಂದೂಡುವುದಾ ಅಂತ ತೀರ್ಮಾನಿಸಬೇಕಾಗುತ್ತದೆ.